ಒಂದೇ ಮರ, ಎರಡು ಫೋನ್, ಎರಡು ಹೆಸರು: ಮರ ಗುರುತಿಸುವ ಆಪ್ ತಪ್ಪು ಹೇಳಿದಾಗ ಏನು ನೋಡಬೇಕು

ಮುಂಬೈಯ ಮುಲುಂಡ್ ಪಶ್ಚಿಮದಲ್ಲಿ, ಗುಡ್ಡದ ಬುಡದಲ್ಲಿ ನಮ್ಮ ಹೌಸಿಂಗ್ ಸೊಸೈಟಿ ಇದೆ. ಹಿಂದಿನ ಕಾಂಪೌಂಡ್ ದಾಟಿ ಸ್ವಲ್ಪ ಏರಿದರೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡು. ಕಟ್ಟಡ ಹಳೆಯದಾಗಿದೆ, ಅದನ್ನು ಕೆಡವಿ ಹೊಸದಾಗಿ ಕಟ್ಟುವ ರೀಡೆವಲಪ್‌ಮೆಂಟ್ ಮಾತು ಶುರುವಾಗಿದೆ. ಆಗ ಕೆಲವು ಮರ ಕಡಿಯುವ ಪ್ರಶ್ನೆ ಬರಬಹುದು. ಮಹಾರಾಷ್ಟ್ರದಲ್ಲಿ ನಗರದ ಮರಗಳಿಗೆ 1975ರ ಕಾನೂನಿನ ರಕ್ಷಣೆ ಇದೆ. ನಮ್ಮ ಜಾಗದ ಒಳಗಿನ ಮರವಾದರೂ ಅನುಮತಿ ಇಲ್ಲದೆ ಕಡಿಯುವ ಹಾಗಿಲ್ಲ. ಅನುಮತಿಯ ಕಾಗದದಲ್ಲಿ ಮರದ ಹೆಸರು ಬರುತ್ತದೆ. ಕಾಡಿನ ಮರವೊಂದರ ಮುಂದೆ ಯಾವುದೋ ಅಲಂಕಾರದ ಗಿಡದ ಹೆಸರು ಬಿದ್ದರೆ, ಅದನ್ನು ಉಳಿಸಿ ಅಂತ ಕೇಳುವವರು ಯಾರು? ಹಾಗಾಗಿ ಪಟ್ಟಿಯನ್ನು ನಾವೇ ಮೊದಲು ಮಾಡಿಟ್ಟುಕೊಳ್ಳೋಣ ಅಂತ ನಾನೂ ಮೂರನೇ ಮಹಡಿಯ ಕಾರ್ಕಳದ ಅಕ್ಕನೂ ಹೊರಟೆವು. ಇಬ್ಬರ ಫೋನಿನಲ್ಲೂ ಮರ ಗುರುತಿಸುವ ಆಪ್ ಇತ್ತು. ಒಟ್ಟು 31 ಮರ. ಬೇರೆ ಬೇರೆಯಾಗಿ ಸುತ್ತಿ, ಸಂಜೆ ಪಟ್ಟಿ ಪಕ್ಕ ಪಕ್ಕ ಇಟ್ಟರೆ 9 ಮರಗಳ ಹೆಸರು ಹೊಂದುತ್ತಿಲ್ಲ.

"ಈ ಆಪೇ ಸರಿ ಇಲ್ಲ ಮಾರಾಯ್ತಿ, ಬೇರೆ ಹಾಕು" ಅಂದರು ಅಕ್ಕ. ನನಗೂ ಮೊದಲು ಹಾಗೇ ಅನ್ನಿಸಿತು. ಆಮೇಲೆ ಒಂಬತ್ತನ್ನೂ ಒಂದೊಂದಾಗಿ ಮತ್ತೆ ನೋಡಿದೆವು. ಆಪ್ ನಿಜವಾಗಿ ಸೋತದ್ದು ಎರಡು ಮೂರು ಕಡೆ ಮಾತ್ರ. ಉಳಿದ ಕಡೆ ನಾವು ಅದಕ್ಕೆ ಕೊಟ್ಟದ್ದರಲ್ಲೇ ಏನೋ ಕೊರತೆ ಇತ್ತು. ಬೇರೆ ಆಪ್ ಹಾಕಿದ್ದರೂ ಅದೇ ತಪ್ಪು ಬರುತ್ತಿತ್ತು. ಹುಡುಕಿದ ದಾರಿಯನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಗೊತ್ತಿರುವ ಮರದ ಹತ್ತಿರ ಹೋಗಿ

ತಪ್ಪು ಎಲ್ಲಿದೆ ಅಂತ ತಿಳಿಯದೆ ಸೆಟ್ಟಿಂಗ್ ತಿರುಚುತ್ತಾ ಕೂರಬೇಡಿ. ನಿಮಗೆ ನೂರಕ್ಕೆ ನೂರು ಗೊತ್ತಿರುವ ಒಂದು ಮರ ಆರಿಸಿಕೊಳ್ಳಿ. ನಾವು ಗೇಟಿನ ಹತ್ತಿರದ ಅರಳಿ ಮರ ಆರಿಸಿದೆವು. ಉದ್ದ ಬಾಲದ ಎಲೆ, ಯಾರಿಗೂ ಅನುಮಾನ ಬರದು. ಅದೇ ಬೆಳಕು, ಅದೇ ಫೋನ್, ಅದೇ ಆಪ್‌ನಲ್ಲಿ ಅದರ ಫೋಟೋ ತೆಗೆಯಿರಿ.

ಅರಳಿಯನ್ನೂ ತಪ್ಪು ಹೇಳಿದರೆ ತೊಂದರೆ ಫೋನಿನಲ್ಲಿ, ಫೋಟೋದಲ್ಲಿ ಅಥವಾ ಆಪ್‌ಗೆ ಕೊಟ್ಟ ಅನುಮತಿಯಲ್ಲಿದೆ. ಲೆನ್ಸ್ ಒರೆಸಿ. ಮಳೆಗಾಲದಲ್ಲಿ ಮುಂಬೈಯ ಗಾಳಿಗೆ ಲೆನ್ಸಿನ ಮೇಲೆ ತೆಳ್ಳಗೆ ಮಂಜು ಕೂತಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಅರಳಿಯನ್ನು ಸರಿಯಾಗಿ ಹೇಳಿ ನಿಮ್ಮ ಮರವನ್ನು ಮಾತ್ರ ತಪ್ಪು ಹೇಳಿದರೆ, ತೊಂದರೆ ಆ ಮರದ್ದು ಅಥವಾ ಅದರ ಯಾವ ಭಾಗ ತೋರಿಸಿದಿರಿ ಎನ್ನುವುದರದ್ದು. ಈ ಒಂದು ಪರೀಕ್ಷೆಯಿಂದಲೇ ನಮ್ಮ ಕೆಲಸ ಅರ್ಧ ಕಡಿಮೆಯಾಯಿತು. ಅಕ್ಕನ ಫೋನ್ ಅರಳಿಯನ್ನೇ ಹೇಳಲಿಲ್ಲ. ಅವರು ಆಕಾಶಕ್ಕೆ ಎದುರಾಗಿ ತೆಗೆಯುತ್ತಿದ್ದರು. ಎಲೆಗಳೆಲ್ಲ ಕಪ್ಪು ನೆರಳಾಗಿ, ನರಗಳೇ ಕಾಣುತ್ತಿರಲಿಲ್ಲ. ಬೆನ್ನಿಗೆ ಬೆಳಕು ಬರುವ ಹಾಗೆ ನಿಂತು ತೆಗೆದಾಗ ಸರಿ ಹೇಳಿತು.

ಫೋಟೋದಲ್ಲಿ ಇನ್ನೊಂದು ಗಿಡ ಸೇರಿಕೊಂಡಿದ್ದರೆ

ನಮ್ಮ ಒಂಬತ್ತರಲ್ಲಿ ಮೂರು ಇದೇ ಕಾರಣಕ್ಕೆ ತಪ್ಪಿದ್ದವು. ಮುಂಬೈಯಲ್ಲಿ ಇದು ತುಂಬಾ ಜಾಸ್ತಿ.

ಪಾರ್ಕಿಂಗ್ ಪಕ್ಕದ ದೊಡ್ಡ ಮಳೆಮರಕ್ಕೆ ನನ್ನ ಫೋನ್ ಮನಿ ಪ್ಲಾಂಟ್ ಅಂತ ಹೇಳಿತ್ತು. ಅದು ಹೇಳಿದ್ದು ಸರಿಯೇ! ಯಾರೋ ವರ್ಷಗಳ ಹಿಂದೆ ಬುಡದಲ್ಲಿ ನೆಟ್ಟ ಮನಿ ಪ್ಲಾಂಟ್ ಕಾಂಡವನ್ನೆಲ್ಲ ಸುತ್ತಿದೆ. ಮರ ಹತ್ತಿದ ಮನಿ ಪ್ಲಾಂಟಿನ ಎಲೆ ಮನೆಯ ಬಾಟಲಿಯಲ್ಲಿರುವಂತೆ ಪುಟ್ಟದಾಗಿರುವುದಿಲ್ಲ. ಊಟದ ತಟ್ಟೆಯಷ್ಟು ಅಗಲವಾಗಿ, ಅಲ್ಲಲ್ಲಿ ಸೀಳಿಕೊಂಡು ಬೆಳೆಯುತ್ತದೆ. ಅದೇ ಮರದ ಎಲೆ ಅಂತ ನಾನು ಅಂದುಕೊಂಡಿದ್ದೆ.

ಮಾವಿನ ಮರದ್ದು ಇನ್ನೂ ಸೂಕ್ಷ್ಮ. ಮಾವಿನಲ್ಲಿ ಕಿತ್ತಳೆ ಬಣ್ಣದ, ಕೊಳವೆಯಂಥ ಹೂವು ಕಂಡಿತು. ಹೂವಿನ ಫೋಟೋ ಒಳ್ಳೆಯದು ಅಂತ ಅದನ್ನೇ ತೆಗೆದೆ. ಉತ್ತರದಲ್ಲಿ ಮಾವಿನ ಸುಳಿವೇ ಇಲ್ಲ. ಅದು ಬಂದಳಿಕೆ. ಮರಾಠಿಯವರು ಬಾಂಡಗುಳ್ ಅನ್ನುತ್ತಾರೆ. ಬೇರೆ ಮರದ ಕೊಂಬೆಯೊಳಗೆ ಬೇರು ಇಳಿಸಿ, ಅದರ ನೀರು ಕುಡಿದು ಬದುಕುವ ಗಿಡ. ಮಾವಿನ ಮೇಲೆ ತುಂಬಾ ಸಾಮಾನ್ಯ. ಕೊಂಬೆಯ ಜಾಡು ಹಿಡಿದು ಹಿಂದಕ್ಕೆ ನೋಡಿ. ಒಂದು ಕಡೆ ದಪ್ಪ ಗಂಟು ಸಿಗುತ್ತದೆ, ಅಲ್ಲಿಂದಾಚೆ ಎಲೆಯ ಬಣ್ಣ, ದಪ್ಪ ಎರಡೂ ಬದಲಾಗುತ್ತವೆ. ಹಾಗೆ ಕಂಡರೆ ನೀವು ಅತಿಥಿಯ ಫೋಟೋ ತೆಗೆದಿದ್ದೀರಿ, ಮನೆಯವರದ್ದಲ್ಲ.

ಮೂರನೆಯದು ಉದುರಿದ ಹೂವು. ಅಕ್ಕ ಒಂದು ಮರದ ಕೆಳಗೆ ಬಿದ್ದ ಆಕಾಶಮಲ್ಲಿಗೆ ಹೂವು ಹೆಕ್ಕಿ ಫೋಟೋ ತೆಗೆದಿದ್ದರು. ಆ ಹೂವು ಪಕ್ಕದ ಸೊಸೈಟಿಯ ಮರದ್ದು, ಗಾಳಿಗೆ ಗೋಡೆ ದಾಟಿ ಬಂದದ್ದು. ನೆಲದ ಮೇಲಿನ ಹೂವು, ಎಲೆ, ಕಾಯಿ ನೋಡಿ ತೀರ್ಮಾನ ಮಾಡುವ ಮೊದಲು ತಲೆ ಎತ್ತಿ, ಅದು ಮೇಲಿನ ಕೊಂಬೆಯಲ್ಲೂ ಇದೆಯಾ ಅಂತ ನೋಡಲೇಬೇಕು.

ಇಂಥ ಕಡೆ ಪರಿಹಾರ ಸುಲಭ. ನಿಮಗೆ ಬೇಕಾದ ಭಾಗ ಮಾತ್ರ ಉಳಿಯುವ ಹಾಗೆ ಫೋಟೋ ಕ್ರಾಪ್ ಮಾಡಿ. ಆಪ್ ನಿಮ್ಮ ದೊಡ್ಡ ಫೋಟೋವನ್ನು ಚಿಕ್ಕದಾಗಿಸಿ ನೋಡುತ್ತದೆ. ಮೂಲೆಯ ಹೂವು ಅಷ್ಟರಲ್ಲಿ ಚುಕ್ಕೆಯಾಗಿರುತ್ತದೆ.

ಎಲೆ ಯಾವುದು, ಎಲೆಯ ತುಂಡು ಯಾವುದು

ಇದು ನನಗೆ ತಡವಾಗಿ ಅರ್ಥವಾದ ವಿಷಯ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಬೇವಿನ ಎಲೆ ಅಂತ ನಾವು ಯುಗಾದಿಗೆ ಕೀಳುವ ಒಂದೊಂದು ಎಸಳೂ ನಿಜವಾಗಿ ಪೂರ್ತಿ ಎಲೆ ಅಲ್ಲ. ಅದು ಕಿರುಎಲೆ. ಮಧ್ಯದ ಕಡ್ಡಿ, ಅದರ ಎರಡೂ ಕಡೆ ಸಾಲಾಗಿ ಕೂತ ಎಲ್ಲ ಕಿರುಎಲೆಗಳು ಸೇರಿದರೆ ಒಂದು ಎಲೆ. ಒಂದೇ ಕಿರುಎಲೆಯ ಫೋಟೋ ಕೊಟ್ಟರೆ ಆಪ್‌ಗೆ ಸಿಗುವುದು ಬರೀ ಒಂದು ಸಣ್ಣ, ಹಲ್ಲುಹಲ್ಲಾದ ಹಸಿರು ತುಂಡು. ಅಂಥದ್ದು ಸಾವಿರ ಗಿಡಗಳಲ್ಲಿದೆ.

ಎಲ್ಲಿಂದ ಎಲೆ ಶುರು ಅಂತ ತಿಳಿಯಲು ಒಂದು ಗುರುತು ಇದೆ. ಎಲೆಯ ತೊಟ್ಟು ಕೊಂಬೆಗೆ ಸೇರುವ ಕಂಕುಳಲ್ಲಿ ಪುಟ್ಟ ಚಿಗುರುಮೊಗ್ಗು ಇರುತ್ತದೆ. ಕಿರುಎಲೆಯ ಬುಡದಲ್ಲಿ ಮೊಗ್ಗು ಇರುವುದಿಲ್ಲ. ಮೊಗ್ಗು ಸಿಗುವವರೆಗೆ ಹಿಂದಕ್ಕೆ ಹೋಗಿ, ಅಲ್ಲಿಂದ ತುದಿಯವರೆಗೆ ಫೋಟೋದಲ್ಲಿ ಬರಲಿ. ನಮ್ಮ ಪಟ್ಟಿಯ 14ನೇ ಮರಕ್ಕೆ ಒಬ್ಬರು ಬೇವು, ಇನ್ನೊಬ್ಬರು ಹುಚ್ಚುಬೇವು ಬರೆದಿದ್ದೆವು. ಪೂರ್ತಿ ಎಲೆ ನೋಡಿದ ಕೂಡಲೇ ಜಗಳ ಮುಗಿಯಿತು. ಬೇವಿನಲ್ಲಿ ಮಧ್ಯದ ಕಡ್ಡಿಗೆ ನೇರವಾಗಿ ಕಿರುಎಲೆ ಅಂಟಿರುತ್ತದೆ. ಹುಚ್ಚುಬೇವಿನಲ್ಲಿ ಕಡ್ಡಿ ಕವಲೊಡೆದು, ಆ ಕವಲಿನ ಮೇಲೆ ಕಿರುಎಲೆ ಇರುತ್ತದೆ.

ಅಶೋಕದ ಗೊಂದಲವೂ ಹೀಗೇ ಬಗೆಹರಿಯುತ್ತದೆ. ಗೇಟಿನ ಎರಡೂ ಕಡೆ ಕಂಬದ ಹಾಗೆ ನೆಟ್ಟ ಮರವನ್ನು ಎಲ್ಲರೂ ಅಶೋಕ ಅನ್ನುತ್ತಾರೆ. ಅದರದ್ದು ಒಂಟಿ ಎಲೆ, ಅಂಚು ಅಲೆ ಅಲೆ. ನಿಜವಾದ ಅಶೋಕಕ್ಕೆ ಇಲ್ಲಿ ಸೀತಾ ಅಶೋಕ್ ಅಂತ ಹೆಸರು. ಅದರದ್ದು ಜೋಡಿ ಜೋಡಿ ಕಿರುಎಲೆಗಳ ಎಲೆ, ಹೂವು ಕಿತ್ತಳೆ ಗೊಂಚಲು. ಎರಡೂ ಬೇರೆ ಬೇರೆ ಕುಟುಂಬದವು.

ಮುತ್ತುಗದ ಬಗ್ಗೆ ಮರಾಠಿಯಲ್ಲಿ ಒಂದು ಗಾದೆ ಇದೆ: ಪಳಸಾಲಾ ಪಾನೇ ತೀನ್. ಎಲ್ಲಿಗೆ ಹೋದರೂ ಮುತ್ತುಗಕ್ಕೆ ಮೂರೇ ಎಲೆ. ಊರಲ್ಲಿ ಮುತ್ತುಗದ ಎಲೆ ಹಚ್ಚಿ ಊಟದೆಲೆ ಮಾಡಿದವರಿಗೆ ಇದು ಗೊತ್ತೇ ಇದೆ, ಅಲ್ವಾ? ಆದರೆ ಮೂರು ಕಿರುಎಲೆ ಹಾಲುವಾಣಕ್ಕೂ ಇದೆ, ಹೂವೂ ಕೆಂಪೇ. ಆಪ್ ಇವೆರಡನ್ನು ಅದಲು ಬದಲು ಮಾಡಿದರೆ ಕಾಂಡ ನೋಡಿ. ಹಾಲುವಾಣದಲ್ಲಿ ಮುಳ್ಳು ಸಿಗುತ್ತದೆ. ಮುತ್ತುಗದ ಎಲೆ ಚರ್ಮದ ಹಾಗೆ ಗಟ್ಟಿ, ಹಾಲುವಾಣದ್ದು ಮೆತ್ತಗೆ.

ಎಳೆಯ ಗಿಡ ಆಪ್‌ಗೆ ಕೊಟ್ಟರೆ ಜಾಸ್ತಿ ನಂಬಬೇಡಿ. ಹಲಸು, ಹೆಬ್ಬಲಸಿನ ಸಸಿಗಳಲ್ಲಿ ಎಲೆ ಸೀಳಿಕೊಂಡಿರುತ್ತದೆ, ದೊಡ್ಡ ಮರದಲ್ಲಿ ಹಾಗಿರುವುದಿಲ್ಲ. ಕಡಿದ ಬೊಡ್ಡೆಯಿಂದ ಚಿಗುರಿದ ತೇಗದ ಎಲೆ ಮರದ ಎಲೆಗಿಂತ ಬಹಳ ದೊಡ್ಡದು.

ಯಾವ ಫೋಟೋ ಮೊದಲು

ಐನ್ಯಾಚುರಲಿಸ್ಟ್, ಪ್ಲಾಂಟ್‌ನೆಟ್, ಸೀಕ್ ಮೂರೂ ಗಿಡಮರ ಗುರುತಿಸುವ ಆಪ್‌ಗಳು. ಐನ್ಯಾಚುರಲಿಸ್ಟ್‌ನಲ್ಲಿ ನಾವು ಹಾಕಿದ ಫೋಟೋ ನೋಡಿ ಬೇರೆ ಜನರೂ ಹೆಸರು ಹೇಳುತ್ತಾರೆ. ಅದನ್ನು ಬಳಸುವವರು ಗಮನಿಸಿ. ಒಂದು ಮರಕ್ಕೆ ಐದು ಫೋಟೋ ಹಾಕಬಹುದು, ಆದರೆ ಅದು ಹೆಸರು ಸೂಚಿಸುವಾಗ ಒಂದು ಫೋಟೋ ಮಾತ್ರ ನೋಡುತ್ತದೆ, ಸಾಮಾನ್ಯವಾಗಿ ಮೊದಲನೆಯದು. ನಾನು ಶಿಸ್ತಾಗಿ ಪೂರ್ತಿ ಮರದ ಫೋಟೋ ಮೊದಲು ಇಡುತ್ತಿದ್ದೆ. ದೂರದಿಂದ ಎಲ್ಲ ಮರವೂ ಹಸಿರು ಕೊಡೆಯೇ! ಹೂವು ಅಥವಾ ಕಾಯಿ ಮೊದಲು ಬರಲಿ, ಆಮೇಲೆ ಎಲೆ, ತೊಗಟೆ, ಕೊನೆಗೆ ಪೂರ್ತಿ ಮರ. ಪ್ಲಾಂಟ್‌ನೆಟ್ ಬೇರೆ ರೀತಿ. ಅದು ಹಲವು ಫೋಟೋಗಳನ್ನು ಸೇರಿಸಿ ನೋಡುತ್ತದೆ, ಯಾವುದು ಎಲೆ, ಯಾವುದು ಹೂವು, ಯಾವುದು ತೊಗಟೆ ಅಂತ ಗುರುತಿಸಿಕೊಳ್ಳುತ್ತದೆ. ಅಲ್ಲಿ ತೊಗಟೆಯ ಫೋಟೋಗೆ ಎಲೆ ಅಂತ ಗುರುತು ಬಿದ್ದರೆ ಉತ್ತರ ಕೆಡುತ್ತದೆ. ಎಲ್ಲ ಫೋಟೋಗಳೂ ಒಂದೇ ಮರದವು ಆಗಿರಬೇಕು. ಸೀಕ್‌ನಲ್ಲಿ ಕ್ಯಾಮೆರಾ ಹಿಡಿದಂತೆ ಕುಟುಂಬ (ಗಿಡಗಳ ದೊಡ್ಡ ಗುಂಪು), ಕುಲ (ಅದರೊಳಗಿನ ಸಣ್ಣ ಗುಂಪು), ಜಾತಿ (ಒಂದೇ ಬಗೆಯ ಗಿಡ) ಅಂತ ಹಂತ ಹಂತವಾಗಿ ಇಳಿಯುತ್ತದೆ. ಕುಲದಲ್ಲೇ ನಿಂತುಬಿಟ್ಟರೆ ಅದು ಕೆಟ್ಟಿಲ್ಲ, ಅದಕ್ಕೆ ಕಾಣುತ್ತಿರುವುದು ಅಷ್ಟೇ. ಫೋನನ್ನು ಬೇರೆ ಭಾಗಕ್ಕೆ ತಿರುಗಿಸಿ. ಕಾಡಿನೊಳಗೆ ನೆಟ್‌ವರ್ಕ್ ಇಲ್ಲದ ಕಡೆಯೂ ಸೀಕ್ ಕೆಲಸ ಮಾಡುತ್ತದೆ.

ಜಾಗ ಮತ್ತು ತಾರೀಖು ಕಳೆದುಹೋದರೆ

ನಮ್ಮ 22ನೇ ಮರಕ್ಕೆ ಅಕ್ಕನ ಪಟ್ಟಿಯಲ್ಲಿ ಒಂದು ಯುರೋಪಿನ ಮರದ ಹೆಸರಿತ್ತು. ಮುಲುಂಡಿನ ಗುಡ್ಡದಲ್ಲಿ ಅದು ಎಲ್ಲಿಂದ ಬರಬೇಕು? ಹುಡುಕಿದಾಗ ತಿಳಿಯಿತು, ಆ ಫೋಟೋ ಅವರ ಮಗ ತೆಗೆದು ಮೆಸೇಜಿನಲ್ಲಿ ಕಳಿಸಿದ್ದು. ಮೆಸೇಜಿನಲ್ಲಿ ಫೋಟೋ ಆಗಿ ಕಳಿಸಿದಾಗ ಅದು ಕುಗ್ಗುತ್ತದೆ, ಜೊತೆಗೆ ಅದರೊಳಗೆ ಅಡಗಿದ್ದ ಜಾಗ, ತೆಗೆದ ತಾರೀಖು ಎರಡೂ ಅಳಿಸಿಹೋಗುತ್ತವೆ. ಆಪ್‌ಗೆ ಇದು ಮುಂಬೈಯೋ ಪ್ಯಾರಿಸ್ಸೋ ಗೊತ್ತಿಲ್ಲ. ಫೋಟೋ ಕಳಿಸಿಕೊಳ್ಳಲೇಬೇಕಿದ್ದರೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಇಲ್ಲದಿದ್ದರೆ ಜಾಗವನ್ನು ಮ್ಯಾಪಿನಲ್ಲಿ ಕೈಯಾರೆ ಗುರುತು ಮಾಡಿ, ತಾರೀಖನ್ನೂ ಹಾಕಿ.

ಇಲ್ಲಿ ಎರಡನೆಯ ಪರೀಕ್ಷೆ ಮಾಡಬಹುದು. ಅದೇ ಫೋಟೋವನ್ನು ಒಮ್ಮೆ ಜಾಗ ಇಲ್ಲದೆ, ಒಮ್ಮೆ ಜಾಗ ಹಾಕಿ ಕೇಳಿ. ಉತ್ತರ ಬದಲಾದರೆ ತಪ್ಪು ಜಾಗದ್ದು. ಬದಲಾಗದಿದ್ದರೆ ಫೋಟೋಗೆ ವಾಪಸ್ ಬನ್ನಿ.

ಸ್ವಂತ ಫೋಟೋದಲ್ಲೂ ಜಾಗ ಬರುತ್ತಿಲ್ಲವಾದರೆ ಮೂರು ಕಡೆ ನೋಡಬೇಕು. ಕ್ಯಾಮೆರಾಕ್ಕೆ ಲೊಕೇಶನ್ ಅನುಮತಿ ಇದೆಯಾ. ಗ್ಯಾಲರಿಯ ಫೋಟೋದೊಳಗಿನ ಜಾಗ ಓದಲು ಆಪ್‌ಗೆ ಅನುಮತಿ ಇದೆಯಾ, ಹೊಸ ಆಂಡ್ರಾಯ್ಡ್‌ಗಳಲ್ಲಿ ಇದು ಬೇರೆಯೇ ಅನುಮತಿ. ನಿಖರ ಲೊಕೇಶನ್ ಆನ್ ಆಗಿದೆಯಾ. ಎತ್ತರದ ಕಟ್ಟಡಗಳ ನಡುವೆ ಜಿಪಿಎಸ್ ಸುಮ್ನೆ ಪಕ್ಕದ ರಸ್ತೆ ತೋರಿಸುವುದೂ ಉಂಟು. ಹೆಸರಿಗೆ ಅದರಿಂದ ತೊಂದರೆ ಇಲ್ಲ, ಆದರೆ ಪಟ್ಟಿಯಲ್ಲಿ ಮರ ಎಲ್ಲಿದೆ ಅನ್ನುವುದು ತಪ್ಪುತ್ತದೆ.

ಜಾಗ ಸರಿ ಇದ್ದೂ ಕೆಲವೊಮ್ಮೆ ಉಲ್ಟಾ ಆಗುತ್ತದೆ. ಐನ್ಯಾಚುರಲಿಸ್ಟ್ ಸುತ್ತಮುತ್ತ ಇರುವ ಸಾಧ್ಯತೆಯ ಜಾತಿಗಳನ್ನೇ ಮುಂದೆ ತರುತ್ತದೆ. ಕಾಡಿನ ಮರಕ್ಕೆ ಇದು ವರದಾನ. ಲ್ಯಾಂಡ್‌ಸ್ಕೇಪಿನವರು ದೂರದ ದೇಶದಿಂದ ತಂದು ನೆಟ್ಟ ಅಲಂಕಾರದ ಮರಕ್ಕೆ ಇದೇ ಅಡ್ಡಿ. ನೆಟ್ಟ ಮರ ಅಂತ ಅನುಮಾನ ಇದ್ದರೆ ಹತ್ತಿರದ ಜಾತಿಗಳನ್ನೇ ತೋರಿಸುವ ಆ ಫಿಲ್ಟರ್ ತೆಗೆದು ಮತ್ತೊಮ್ಮೆ ಕೇಳಿ.

ಕುಲ ಸರಿ, ಜಾತಿ ತಪ್ಪು

ಆಪ್ ನಿಜವಾಗಿ ಸೋಲುವುದು ಇಲ್ಲಿ. ಜನ ಹಾಕಿದ ಫೋಟೋಗಳಿಂದ ಅದು ಕಲಿಯುತ್ತದೆ. ಹೆಚ್ಚು ಜನ ಫೋಟೋ ತೆಗೆಯುವ ಗಿಡ ಅದಕ್ಕೆ ಚೆನ್ನಾಗಿ ಗೊತ್ತು. ಸಹ್ಯಾದ್ರಿಯ ಮರಗಳಲ್ಲಿ ಅಣ್ಣತಮ್ಮಂದಿರಂತಿರುವ ಜಾತಿಗಳ ವ್ಯತ್ಯಾಸ ಎಷ್ಟೋ ಸಲ ಎಲೆಯಲ್ಲಿಲ್ಲ, ತೊಗಟೆಯಲ್ಲೋ ಕಾಯಿಯಲ್ಲೋ ಇರುತ್ತದೆ.

ಹಿಂದಿನ ಗೋಡೆಯ ಹತ್ತಿರ ಒಂದು ಭಾರಿ ಮರ ಇದೆ. ಕಟ್ಟಡಕ್ಕಿಂತ ಹಳೆಯದು ಅಂತ ಹಿರಿಯರು ಹೇಳುತ್ತಾರೆ. ನನ್ನ ಪಟ್ಟಿಯಲ್ಲಿ ಹೊಳೆಮತ್ತಿ, ಅಕ್ಕನ ಪಟ್ಟಿಯಲ್ಲಿ ಮತ್ತಿ. ಮರಾಠಿಯಲ್ಲಿ ಮೊದಲನೆಯದು ಅರ್ಜುನ್, ಎರಡನೆಯದು ಐನ್. ಎರಡೂ ಟರ್ಮಿನೇಲಿಯ ಕುಲ. ಎಲೆ ತೊಟ್ಟಿಗೆ ಸೇರುವ ಕಡೆ ಪುಟ್ಟ ಗಂಟುಗಳು ಎರಡಕ್ಕೂ ಇವೆ, ಅದರಿಂದ ಕುಲ ತಿಳಿಯುತ್ತದೆ, ಜಾತಿ ತಿಳಿಯುವುದಿಲ್ಲ. ತೊಗಟೆ ನೋಡಿದರೆ ಎರಡು ನಿಮಿಷದ ಕೆಲಸ. ಹೊಳೆಮತ್ತಿಯದ್ದು ನುಣುಪು, ಬೂದುಬಿಳಿ, ಹಾಳೆ ಹಾಳೆಯಾಗಿ ಸುಲಿಯುತ್ತದೆ. ಮತ್ತಿಯದ್ದು ಕಪ್ಪು, ಆಳವಾಗಿ ಚೌಕ ಚೌಕವಾಗಿ ಒಡೆದಿರುತ್ತದೆ, ಮೊಸಳೆಯ ಬೆನ್ನಿನ ಹಾಗೆ.

ಆದರೆ ನಾವಿಬ್ಬರೂ ತೊಗಟೆಯ ಫೋಟೋ ಹಾಕಿಯೇ ಇದ್ದೆವು! ಆಮೇಲೆ ನೋಡಿದರೆ, ಎದೆ ಎತ್ತರದವರೆಗೆ ಕಾಂಡಕ್ಕೆ ಕೆಮ್ಮಣ್ಣು, ಸುಣ್ಣದ ಪಟ್ಟಿ ಬಳಿದಿದ್ದಾರೆ. ನಮ್ಮ ಫೋಟೋದಲ್ಲಿದ್ದದ್ದು ಬಣ್ಣ, ತೊಗಟೆ ಅಲ್ಲ. ವರ್ಷವರ್ಷವೂ ಬಳಿದ ದಪ್ಪ ಸುಣ್ಣ ಬಿರುಕುಗಳನ್ನು ತುಂಬಿ ಕಾಂಡವನ್ನು ನುಣುಪಾಗಿಸಿಬಿಟ್ಟಿತ್ತು. ಸ್ಟೂಲ್ ಹತ್ತಿ ಸುಣ್ಣದ ಪಟ್ಟಿಗಿಂತ ಮೇಲಿನ ಭಾಗದ ಫೋಟೋ ತೆಗೆದೆವು. ಮೊಸಳೆ ಬೆನ್ನು. ಅದು ಮತ್ತಿ, ಈ ಗುಡ್ಡದ್ದೇ ಮರ. ಈಗ ಯಾವ ಮರವಾದರೂ ನಾವು ಬಣ್ಣಕ್ಕಿಂತ ಮೇಲಿನ ತೊಗಟೆಯ ಫೋಟೋವನ್ನೇ ತೆಗೆಯುತ್ತೇವೆ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಭಾಗವನ್ನೂ ಬಿಟ್ಟುಬಿಡಿ.

ಗುಂಡು ಹೂವಿನ ಮರಗಳಲ್ಲೂ ಇದೇ ಕಥೆ. ಕದಂಬ, ಅರಿಶಿನ ತೇಗ ಎರಡಕ್ಕೂ ಚೆಂಡಿನಂಥ ಹೂವು. ಕದಂಬದ ಚೆಂಡು ದೊಡ್ಡದು, ಎಲೆ ಉದ್ದ. ಅರಿಶಿನ ತೇಗದ ಎಲೆ ಹೃದಯದ ಆಕಾರ. ಹೂವಿನ ಪಕ್ಕ ಬೆರಳು ಇಟ್ಟು ಫೋಟೋ ತೆಗೆದರೆ ಅಳತೆ ತಿಳಿಯುತ್ತದೆ. ಆಪ್‌ಗಲ್ಲ, ಆಮೇಲೆ ನೋಡುವ ಜನರಿಗೆ.

ಐರೋಲಿ, ಠಾಣೆ ಖಾಡಿಯ (ಕಡಲ ಹಿನ್ನೀರಿನ) ಕಡೆ ಕಾಂಡ್ಲಾ, ಅಂದರೆ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್, ನೋಡಲು ಹೋಗುವವರಿಗೆ ಒಂದು ಮಾತು. ಉಪ್ಪಟಿ ಎಂಬ ಕಾಂಡ್ಲಾ ಮರದಲ್ಲಿ ಎರಡು ಜಾತಿ ಬೆರೆತು ಕಾಣುತ್ತವೆ. ಎಲೆಯ ತುದಿ ಚೂಪೋ ದುಂಡೋ ಅನ್ನುವುದು ಫೋಟೋದಲ್ಲಿ ಸ್ಪಷ್ಟವಾಗಿರಬೇಕು. ಮಹಾರಾಷ್ಟ್ರ 2020ರಲ್ಲಿ ರಾಜ್ಯದ ಕಾಂಡ್ಲಾ ಮರ ಅಂತ ಘೋಷಿಸಿದ್ದು ಮಾತ್ರ ಬೇರೆ, ಅದು ಸೊನ್ನೆರೇಶಿಯ ಆಲ್ಬ.

ಒಂದು ಎಚ್ಚರಿಕೆ. ಗುರುತಿಸಲು ಎಲೆ ಹಿಸುಕಿ ಮೂಸುವ ಅಭ್ಯಾಸ ನಮಗೆ ಇದೆ. ಕರಿಗೇರಿನ ಸೊನೆ ತಾಗಿದರೆ ಚರ್ಮ ಬೊಬ್ಬೆ ಏಳುತ್ತದೆ. ಆಪ್ ಹೇಳಿದ ಹೆಸರು ನಂಬಿ ಯಾವ ಹಣ್ಣನ್ನೂ ಬಾಯಿಗೆ ಹಾಕಬೇಡಿ, ಕಾಸರಕದ ಹಣ್ಣು ನೋಡಲು ಕಿತ್ತಳೆಯಷ್ಟು ಚಂದ, ಬೀಜ ಪೂರ್ತಿ ವಿಷ. ರಾಷ್ಟ್ರೀಯ ಉದ್ಯಾನದೊಳಗೆ ಏನನ್ನೂ ಕೀಳಬೇಡಿ. ಚಿರತೆ ಓಡಾಡುವ ಕಾಡು ಅದು, ಕಣ್ಣು ಫೋನಿನಲ್ಲೇ ಇಟ್ಟು ದಾರಿ ಬಿಟ್ಟು ಹೋಗಬೇಡಿ.

ಹೆಸರು ಎರಡು, ಮರ ಒಂದೇ

ಒಂಬತ್ತರಲ್ಲಿ ಎರಡು ತಪ್ಪೇ ಆಗಿರಲಿಲ್ಲ. ನಾನು ಪೊಂಗಾಮಿಯ ಪಿನ್ನಾಟ ಅಂತ ಬರೆದಿದ್ದೆ, ಅಕ್ಕ ಮಿಲ್ಲೆಟಿಯ ಪಿನ್ನಾಟ ಅಂತ. ಎರಡೂ ನಮ್ಮ ಹೊಂಗೆಯೇ, ಇಲ್ಲಿಯ ಕರಂಜ. ಸಸ್ಯಶಾಸ್ತ್ರದವರು ಹೊಸದಾಗಿ ಅಧ್ಯಯನ ಮಾಡಿದಾಗ ಹೆಸರು ಬದಲಾಗುತ್ತದೆ. ಕಂಬದ ಅಶೋಕ ಹಳೇ ಪುಸ್ತಕದಲ್ಲಿ ಪಾಲಿಯಾಲ್ತಿಯ, ಈಗ ಮೊನೂನ್. ಕರಿಜಾಲಿ ಅಕೇಶಿಯ ಆಗಿತ್ತು, ಈಗ ವಾಚೆಲಿಯ. ಹೆಸರು ಹೊಂದದಿದ್ದರೆ ಮೊದಲು ಹಳೆಯ ಹೆಸರಾ ಅಂತ ಹುಡುಕಿ, ಆಮೇಲೆ ಮರದ ಹತ್ತಿರ ಹೋಗಿ.

ಕನ್ನಡ ಹೆಸರಿನಲ್ಲೂ ಜಾಗ್ರತೆ ಬೇಕು. ಹೊನ್ನೆ ಬೇರೆ, ಸುರಹೊನ್ನೆ ಬೇರೆ. ಮೊದಲನೆಯದು ಮರಾಠಿಯ ಬಿಬಳಾ, ಎರಡನೆಯದು ಕಡಲತೀರದ ಉಂಡಿ. ಅಕ್ಕ ರೆಂಜೆ ಅಂದದ್ದನ್ನು ನಾನು ಬಕುಲ ಅಂತ ಬರೆದೆ, ಧಾರವಾಡದ ಕಡೆಯವರು ಇನ್ನೊಂದು ಹೇಳಿಯಾರು. ಪಟ್ಟಿಯಲ್ಲಿ ಕನ್ನಡ, ಮರಾಠಿ, ವೈಜ್ಞಾನಿಕ ಮೂರೂ ಹೆಸರು ಇರಲಿ. ವೈಜ್ಞಾನಿಕ ಹೆಸರೇ ಗಂಟು, ಉಳಿದವು ಅದಕ್ಕೆ ಕಟ್ಟಿದ ದಾರ.

ಹೆಸರು ಸರಿ ಬಂದರೂ ಅದು ನಾಡಮರ ಅಂತ ಅರ್ಥವಲ್ಲ. ಮಳೆಮರ ಅಮೆರಿಕ ಖಂಡದ್ದು, ಗುಲ್‌ಮೊಹರ್ ಮಡಗಾಸ್ಕರಿನದು, ಗ್ಲಿರಿಸಿಡಿಯ ಮೆಕ್ಸಿಕೊ ಕಡೆಯದು. ಹೊಳೆದಾಸವಾಳ ನಮ್ಮದು, ಮಹಾರಾಷ್ಟ್ರದ ರಾಜ್ಯಪುಷ್ಪವೂ ಹೌದು, ಇಲ್ಲಿ ತಾಮಣ ಅನ್ನುತ್ತಾರೆ. ಆಪ್‌ನ ಜಾತಿಯ ಪುಟದಲ್ಲಿ ಹೊರಗಿನಿಂದ ಬಂದದ್ದು ಎಂಬ ಗುರುತು ಇದೆಯಾ ನೋಡಿ. ಐನ್ಯಾಚುರಲಿಸ್ಟ್‌ಗೆ ಹಾಕುವಾಗ, ಮನುಷ್ಯರು ನೆಟ್ಟ ಮರವಾದರೆ ಕಲ್ಟಿವೇಟೆಡ್ ಅಂತ ಗುರುತು ಹಾಕಲೇಬೇಕು. ಹಾಕಿದರೆ ಅದನ್ನು ನೋಡಿ ಹೆಸರು ಹೇಳುವವರು ಕಡಿಮೆ, ನಿಜ. ಹಾಕದಿದ್ದರೆ ಕಾಡುಮರಗಳ ನಕ್ಷೆಯೇ ಕೆಡುತ್ತದೆ. ಗೋಡೆಯ ಬಿರುಕಿನಲ್ಲಿ ಹಕ್ಕಿ ಹಾಕಿದ ಬೀಜದಿಂದ ಬೆಳೆದ ಅರಳಿ, ಹಿಂದಿನ ನಮ್ಮ ಮತ್ತಿ, ಇವಕ್ಕೆ ಆ ಗುರುತು ಬೇಡ. ಮತ್ತಿಯ ಫೋಟೋಗಳನ್ನು ಹಾಗೇ ಹಾಕಿದೆವು. ಎರಡೇ ದಿನಕ್ಕೆ ಇಬ್ಬರು ಅಪರಿಚಿತರು ಅದೇ ಹೆಸರು ಒಪ್ಪಿದರು.

ಈಗ 31ರಲ್ಲಿ 30 ಮರಕ್ಕೆ ಹೆಸರಿದೆ. ಉಳಿದದ್ದು ನೀರಿನ ಟ್ಯಾಂಕಿನ ಪಕ್ಕದ ಒಂದು. ಎಲೆ ಕಿತ್ತರೆ ಹಾಲು ಬರುತ್ತದೆ, ಎಲೆಯ ತೊಟ್ಟು ಉದ್ದ, ಕುಲ ಫೈಕಸ್ (ಅರಳಿ, ಆಲಗಳ ಕುಲ) ಅನ್ನುವುದರಲ್ಲಿ ಎರಡೂ ಫೋನ್ ಒಪ್ಪುತ್ತವೆ. ಬಸರಿ ಅಂತ ನನಗೆ ಅನ್ನಿಸುತ್ತದೆ, ಅಕ್ಕನಿಗೆ ಇಲ್ಲ. ಹಣ್ಣಿಲ್ಲದೆ ಹೇಳಲಾಗದು. ಪಟ್ಟಿಯಲ್ಲಿ "ಫೈಕಸ್, ಹಣ್ಣು ಬಂದಾಗ ನೋಡುವುದು" ಅಂತ ಬರೆದು, ತೊಗಟೆ, ಎಲೆ, ಚಿಗುರಿನ ಫೋಟೋ ಲಗತ್ತಿಸಿದ್ದೇವೆ. ಹಾಲಿಗೆ ಹೋಗುವಾಗ ಅಕ್ಕ ದಿನಾ ಬೆಳಿಗ್ಗೆ ಆ ಮರದ ಕೆಳಗೆ ನಿಂತು ಕೊಂಬೆ ನೋಡಿಯೇ ಮುಂದೆ ಹೋಗುತ್ತಾರೆ.